ಈ ಪ್ಯಾಕೇಜ್ ಯಾರಾದ್ರೂ ಬಳಸ್ತಿದ್ದೀರಾ?

ಲ್ಯಾಬ್ ಸರ್ವರ್‌ನ ಡಿಸ್ಕ್ ತುಂಬಿದಾಗ ನಾವು ವಾಟ್ಸಾಪ್ ಗ್ರೂಪ್‌ಗೆ ಹಾಕಿದ ಪ್ರಶ್ನೆ ಇದು. ಯಾರೂ ಉತ್ತರಿಸಲಿಲ್ಲ. ಎರಡು ದಿನ ಕಾದು, ಟೆನ್ಸರ್‌ಫ್ಲೋ 1.15 ಇದ್ದ ಹಳೇ ಎನ್ವಿರಾನ್‌ಮೆಂಟನ್ನು ಅಳಿಸಿಬಿಟ್ಟೆವು. ಮೂರನೇ ದಿನ ಎಂ.ಟೆಕ್ ಓದ್ತಿರೋ ಅಕ್ಕ ಒಬ್ಬರು ಬಂದರು. ಅವರ ಥೀಸಿಸ್ ಕೋಡ್ ಪೂರ್ತಿ ಅದರ ಮೇಲೇ ನಿಂತಿತ್ತು. ಗ್ರೂಪ್‌ನಲ್ಲಿ ಅವರು ಇರಲೇ ಇಲ್ಲ. ಆ ಆವೃತ್ತಿಗೆ ಪೈಥಾನ್ 3.7 ಅಥವಾ ಅದಕ್ಕಿಂತ ಹಳೆಯದೇ ಬೇಕು. ಎಲ್ಲವನ್ನೂ ಮತ್ತೆ ಹೊಂದಿಸೋಕೆ ನಮ್ಮ ಶನಿವಾರ, ಭಾನುವಾರ ಎರಡೂ ಹೋದವು.

ಕೇಳಿದರೆ ಗೊತ್ತಾಗಲ್ಲ ಅಂದಮೇಲೆ ಅಳೆಯಬೇಕು. ದೊಡ್ಡ ಕ್ಲಸ್ಟರ್‌ಗಳಲ್ಲಿ ಬಳಕೆದಾರರು 'ಮಾಡ್ಯೂಲ್ ಲೋಡ್' ಕಮಾಂಡ್ ಕೊಟ್ಟು ತಮಗೆ ಬೇಕಾದ ಸಾಫ್ಟ್‌ವೇರ್ ಆರಿಸಿಕೊಳ್ತಾರೆ. ಟೆಕ್ಸಾಸ್ ವಿಶ್ವವಿದ್ಯಾಲಯದ ಸೂಪರ್‌ಕಂಪ್ಯೂಟಿಂಗ್ ಕೇಂದ್ರದಲ್ಲಿ ಹುಟ್ಟಿದ ಎಲ್‌ಮಾಡ್‌ನಲ್ಲಿ ಪ್ರತಿ ಲೋಡನ್ನೂ ಸಿಸ್‌ಲಾಗ್‌ಗೆ ಬರೆಸೋ ಸೌಲಭ್ಯ ಇದೆ. ಆದರೆ ಲೋಡ್ ಮಾಡಿದ ಮಾತ್ರಕ್ಕೆ ಬಳಸಿದ ಹಾಗಲ್ಲ. ಎಷ್ಟೋ ಜನ ಆ ಸಾಲನ್ನು ಬ್ಯಾಶ್‌ಆರ್‌ಸಿ ಫೈಲ್‌ಗೆ ಸೇರಿಸಿ ಮರೆತಿರ್ತಾರೆ. 'ಪೈಥಾನ್' ಅನ್ನೋ ಒಂದು ಮಾಡ್ಯೂಲ್ ಒಳಗೆ ಇನ್ನೂರು ಪ್ಯಾಕೇಜ್ ಇದ್ದರೆ ಯಾವುದಕ್ಕೆ ಜೀವ ಇದೆ ಅಂತಲೂ ಅದು ಹೇಳಲ್ಲ.

ಅದಕ್ಕೆ ಪೈಥಾನ್‌ನಲ್ಲೇ ಒಂದು ಬಾಗಿಲಿದೆ. 'ಸೈಟ್‌ಕಸ್ಟಮೈಸ್' ಹೆಸರಿನ ಫೈಲ್ ಇದ್ದರೆ, ಪೈಥಾನ್ ಶುರುವಾಗುವಾಗ ತಾನಾಗೇ ಅದನ್ನು ಇಂಪೋರ್ಟ್ ಮಾಡಿಕೊಳ್ಳುತ್ತೆ. ಅದರಲ್ಲಿ 'ಆಟ್‌ಎಕ್ಸಿಟ್' ಮೂಲಕ ಒಂದು ಫಂಕ್ಷನ್ ನೋಂದಾಯಿಸಿದೆವು. ಪ್ರೋಗ್ರಾಂ ಮುಗಿಯುವಾಗ ಅದು 'ಸಿಸ್ ಮಾಡ್ಯೂಲ್ಸ್' ಪಟ್ಟಿ ನೋಡಿ, ಇಂಪೋರ್ಟ್ ಆದ ಪ್ಯಾಕೇಜ್‌ಗಳ ಹೆಸರು, ಆವೃತ್ತಿ ಬರೆದಿಡುತ್ತೆ. ಪಾಂಡಾಸ್ ಕರೆದವರ ಪಟ್ಟಿಯಲ್ಲಿ ನಂಪೈ ಕೂಡ ಬರುತ್ತೆ. ಬರಲಿ ಬಿಡಿ, ಅದನ್ನೂ ಅಳಿಸೋ ಹಾಗಿಲ್ಲವಲ್ಲ.

ಎಡವಿದ್ದು ಬೇರೆ ಕಡೆ. ಸಿಗ್‌ಕಿಲ್‌ನಿಂದ ಸತ್ತ ಪ್ರೋಗ್ರಾಂನಲ್ಲಿ ಆಟ್‌ಎಕ್ಸಿಟ್ ಓಡೋದೇ ಇಲ್ಲ. ಅಂದರೆ ರಾತ್ರಿಯಿಡೀ ಓಡಿ, ಮೆಮೊರಿ ಸಾಲದೆ ಕರ್ನೆಲ್ ಕೈಲಿ ಸತ್ತ ಟ್ರೈನಿಂಗ್ ಜಾಬ್ ನಮ್ಮ ಲೆಕ್ಕದಲ್ಲಿ ಸೊನ್ನೆ. ಎರಡು ಸೆಕೆಂಡಿನ ಅಸೈನ್‌ಮೆಂಟ್ ಸ್ಕ್ರಿಪ್ಟ್ ಒಂದು. ಈಗ ಆಗಾಗ, ಓಡುತ್ತಿರುವಾಗಲೇ ಬರೆಸ್ತೇವೆ.

ಬಳಕೆದಾರರ ಹೆಸರು ಬರೆದಿಡಬೇಕಾ ಅನ್ನೋದಕ್ಕೆ ನಮ್ಮಲ್ಲೇ ಜಗಳ ಆಯ್ತು. ಹೆಸರಿಲ್ಲದಿದ್ದರೆ, ಒಬ್ಬರೇ ಲೂಪ್‌ನಲ್ಲಿ ಸಾವಿರ ಸಲ ಓಡಿಸಿದ್ದೂ ಸಾವಿರ ಜನ ಬಳಸಿದ್ದೂ ಒಂದೇ ಥರ ಕಾಣುತ್ತೆ. ಹ್ಯಾಶ್ ಮಾಡೋಣ ಅಂದರೆ, ನೂರು ಲಾಗಿನ್ ಇರೋ ಲ್ಯಾಬ್‌ನಲ್ಲಿ ಎಲ್ಲ ಹೆಸರನ್ನೂ ಹ್ಯಾಶ್ ಮಾಡಿ ತಾಳೆ ನೋಡೋಕೆ ಐದು ನಿಮಿಷ ಸಾಕು. ಕೊನೆಗೆ ಒಪ್ಪಿದ್ದು ಇಷ್ಟು: ಹೆಸರು ಒಂದು ತಿಂಗಳು ಮಾತ್ರ, ಆಮೇಲೆ ತಲೆ ಎಣಿಸಿ ಹೆಸರು ಅಳಿಸೋದು. ಸ್ಕ್ರಿಪ್ಟ್ ಯಾವುದು, ಏನು ಆರ್ಗ್ಯುಮೆಂಟ್ ಕೊಟ್ಟರು ಅನ್ನೋದನ್ನ ಬರೆದಿಡೋದೇ ಇಲ್ಲ. ಲೆಕ್ಕ ನಡೀತಿದೆ ಅಂತ ಲಾಗಿನ್ ಆದ ತಕ್ಷಣ ಕಾಣೋ ಸಂದೇಶದಲ್ಲಿ ಹಾಕಿದ್ದೇವೆ.

ಸೊನ್ನೆ ಬಂದ ಎನ್ವಿರಾನ್‌ಮೆಂಟನ್ನೂ ಈಗ ನೇರ ಅಳಿಸಲ್ಲ. ಪ್ರಾಜೆಕ್ಟ್ ರಿವ್ಯೂ ಹತ್ತಿರ ಬಂದಾಗ ಮಾತ್ರ ಎಚ್ಚರಾಗೋ ಕೋಡ್ ನಮ್ಮಲ್ಲಿ ಬೇಕಾದಷ್ಟಿದೆ. ಮೊದಲು ಫೋಲ್ಡರ್‌ನ ಅನುಮತಿ ತೆಗೆದು ಒಂದು ಸೆಮಿಸ್ಟರ್ ಬಿಡ್ತೇವೆ. ಅಲ್ಲಿವರೆಗೆ ಡಿಸ್ಕ್‌ನಲ್ಲಿ ಜಾಗ ಸಿಗಲ್ಲ ನಿಜ, ಆದರೆ ಯಾರಾದ್ರೂ ಬೈಕೊಂಡು ಬಂದರೆ ಒಂದೇ ಕಮಾಂಡ್‌ನಲ್ಲಿ ವಾಪಸ್ ಕೊಡಬಹುದು.