ಡಾಕ್ಟರ್ ಮುಂದೆ ‘ಇಲ್ಲ’ ಎನ್ನುವ ಮುನ್ನ

‘ಸಿಗರೇಟು ಸೇದ್ತೀಯಾ?’ ಡಾಕ್ಟರ್ ಕೇಳುತ್ತಾರೆ. ಪಕ್ಕದಲ್ಲೇ ಅಮ್ಮ ಕೂತಿರುತ್ತಾರೆ. ‘ಇಲ್ಲ ಸರ್’ ಅಲ್ಲದೆ ಬೇರೆ ಉತ್ತರ ಬಂದೀತೇ? 2018ರಲ್ಲಿ ಪ್ರಕಟವಾದ ಅಮೆರಿಕದ ಸಮೀಕ್ಷೆಯೊಂದರಲ್ಲೂ, ವೈದ್ಯರಿಂದ ವಿಷಯ ಮುಚ್ಚಿಟ್ಟವರು ಹೆಚ್ಚಾಗಿ ಕೊಟ್ಟ ಕಾರಣ ಇದೇ: ಎಲ್ಲಿ ತಪ್ಪು ತಿಳಿದಾರೋ, ಉಪದೇಶ ಶುರುವಾದೀತೋ ಎಂಬ ಅಳುಕು.

ಆದರೆ ಪೆಟ್ಟು ಬೀಳುವುದು ನಮಗೇ. ಜ್ವರ ಬಂತೆಂದು ಮೆಡಿಕಲ್ ಶಾಪ್‌ನಿಂದ ಐಬುಪ್ರೊಫೇನ್ ತಂದು ನುಂಗಿರುತ್ತೇವೆ, ಬೈತಾರೆಂದು ಹೇಳುವುದಿಲ್ಲ. ಅದು ಡೆಂಗಿಯಾಗಿದ್ದರೆ ಈ ಮಾತ್ರೆಯಿಂದ ರಕ್ತಸ್ರಾವದ ಅಪಾಯ ಹೆಚ್ಚು. ವಿಷಯವೇ ತಿಳಿಯದ ಡಾಕ್ಟರ್ ‘ನಿಲ್ಲಿಸು’ ಎನ್ನುವುದಾದರೂ ಹೇಗೆ?

ಎಲ್ಲರೆದುರು ಆಗದಿದ್ದರೆ ‘ಡಾಕ್ಟ್ರೇ, ನಿಮ್ಮ ಹತ್ತಿರ ಮಾತ್ರ ಒಂದು ವಿಷಯ ಹೇಳ್ಬೇಕು’ ಅನ್ನಿ. ರೋಗಿಯ ಗುಟ್ಟು ಕಾಯುವುದು ಅವರ ವೃತ್ತಿಧರ್ಮ. ವೈದ್ಯರೂ ಅಷ್ಟೇ, ಬೈಯುವ ಮುನ್ನ ಪೂರ್ತಿ ಕೇಳಿಸಿಕೊಳ್ಳಲಿ. ಬೈಗುಳ ಸಂಜೆಗೆ ಮರೆತುಹೋಗುತ್ತದೆ. ತಪ್ಪು ಚಿಕಿತ್ಸೆ ಹಾಗಲ್ಲ.