ಗಚ್ಚಿಲ್ಲದ ಗೋಡೆ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂಬ ಗಾದೆಯನ್ನು ಅರಿಯದ ಗೃಹಸ್ಥನು ಕನ್ನಡ ನಾಡಿನಲ್ಲಿ ಇರಲಾರನು. ಇವೆರಡರಲ್ಲಿಯೂ ಕಷ್ಟವಾದುದು ಕೂಡಿಸುವ ಕೆಲಸವೇ. ಬೇರೆ ಬೇರೆ ಎಡೆಗಳಲ್ಲಿ ಹುಟ್ಟಿದುದನ್ನು ಒಂದೆಡೆಗೆ ತಂದು, ಒಂದರ ಭಾರವನ್ನು ಇನ್ನೊಂದು ಹೊರುವಂತೆ ಮಾಡುವದು ಸಾಮಾನ್ಯ ಮಾತಲ್ಲ. ಮದುವೆಯ ವಿಷಯವನ್ನು ಬಲ್ಲವರಿಗೆ ಬಿಟ್ಟು ನಾವು ಈ ಲೇಖನದಲ್ಲಿ ಕಟ್ಟುವ ವಿಷಯವನ್ನಷ್ಟೇ, ಅದರಲ್ಲಿಯೂ ಸುಣ್ಣ, ಕೆಸರು, ಸಿಮೆಂಟು ಇವುಗಳಲ್ಲಿ ಒಂದನ್ನೂ ಬಳಸದೆ ಬರಿಯ ಕಲ್ಲಿನ ಮೇಲೆ ಕಲ್ಲನ್ನಿಟ್ಟು ಕಟ್ಟುವ ವಿದ್ಯೆಯನ್ನು ಕುರಿತು ನಾಲ್ಕು ಮಾತು ಹೇಳಬಯಸುತ್ತೇವೆ.

ಇಂಥ ಕಟ್ಟಡವನ್ನು ಕಾಣಲು ನಮ್ಮ ರೋಣದ ಸೀಮೆಯವರು ದೂರ ಹೋಗಬೇಕಾಗಿಲ್ಲ. ಒಂದು ಕಡೆಗೆ ಮಲಪ್ರಭೆಯವರೆಗೆ ಹಬ್ಬಿದ ಎರೆಭೂಮಿ, ಇನ್ನೊಂದು ಕಡೆಗೆ ಗಜೇಂದ್ರಗಡದ ಗುಡ್ಡಸಾಲು. ಎರೆಯಲ್ಲಿ ಕಲ್ಲು ದುರ್ಲಭ, ಗುಡ್ಡದಲ್ಲಿ ಮಣ್ಣು ದುರ್ಲಭ. ಆದರೂ ಎರಡೂ ಕಡೆಗಳಲ್ಲಿ ಹೊಲದ ಒಡ್ಡಿಗೆ ನೀರು ಹರಿದು ಹೋಗಲು ಕಟ್ಟಿದ ಕೋಡಿ, ಹಿತ್ತಲದ ಗೋಡೆ, ದನದ ಕೊಟ್ಟಿಗೆಯ ಆವಾರ, ಹಳೆಯ ಬಾವಿಯ ಒಳಮೈ, ಇವೆಲ್ಲವುಗಳಲ್ಲಿ ಗಚ್ಚಿಲ್ಲದ ಕಟ್ಟಡವನ್ನು ಈಗಲೂ ಕಾಣಬಹುದು. ನಿತ್ಯವೂ ಕಾಣುವದಾದುದರಿಂದಲೇ ನಾವು ಅದನ್ನು ನೋಡುವದಿಲ್ಲ.

ಈ ವಿದ್ಯೆಯ ಪ್ರಾಚೀನತೆಯನ್ನು ತಿಳಿಯಬೇಕಾದರೆ ಕೊಪ್ಪಳ ಜಿಲ್ಲೆಯ ಹಿರೇಬೆಣಕಲ್ಲಿನ ಬೆಟ್ಟವನ್ನೇರಬೇಕು. ಅಲ್ಲಿ ೨೦೦೦ ವರ್ಷಗಳಿಗೂ ಹಿಂದಿನ ಜನರು ಚಪ್ಪಡಿಗಳನ್ನು ನಿಲ್ಲಿಸಿ, ಮೇಲೊಂದು ಚಪ್ಪಡಿಯನ್ನು ಹೊದಿಸಿ ಕಟ್ಟಿದ ಸಮಾಧಿಗೃಹಗಳು ನೂರಾರು ಇವೆ. ಸುತ್ತಲಿನವರು ಅವನ್ನು ಮೋರ್ಯರ ಮನೆಗಳೆಂದು ಕರೆಯುತ್ತಾರೆ. ಅವುಗಳಲ್ಲಿ ಅಂಟೆಂಬುದು ಇಲ್ಲವೇ ಇಲ್ಲ. ಒಂದು ಚಪ್ಪಡಿಯ ಭಾರವೇ ಇನ್ನೊಂದನ್ನು ಹಿಡಿದು ನಿಲ್ಲಿಸಿದೆ.

ಆ ಒರಟು ಚಪ್ಪಡಿಯಿಂದ ಹೊರಟ ವಿದ್ಯೆಯು ಚಾಲುಕ್ಯರ ಕಾಲಕ್ಕೆ ರಾಜಸಭೆಗೆ ಒಪ್ಪುವ ಸೊಬಗನ್ನು ಪಡೆಯಿತು. ಐಹೊಳೆಯಲ್ಲಿ ಕ್ರಿ. ಶ. ೬೩೪ರ ರವಿಕೀರ್ತಿಯ ಶಾಸನವನ್ನು ಹೊತ್ತು ನಿಂತ ಮೇಗುಟಿಯೂ, ಪಟ್ಟದಕಲ್ಲಿನಲ್ಲಿ ಇಮ್ಮಡಿ ವಿಕ್ರಮಾದಿತ್ಯನ ಕಂಚಿಯ ಜಯದ ನೆನಪಿಗಾಗಿ ರಾಣಿ ಲೋಕಮಹಾದೇವಿಯು ಕಟ್ಟಿಸಿದ ವಿರೂಪಾಕ್ಷ ದೇವಾಲಯವೂ ಮರಳುಗಲ್ಲಿನವು. ಭಾರಿ ಭಾರಿ ಕಲ್ಲುಗಳ ಮೈಯನ್ನು ಸಮವಾಗಿ ಕೆತ್ತಿ, ನಡುವೆ ಗಚ್ಚಿಲ್ಲದೆ ಕೂಡಿಸಿದ್ದಾರೆ. ಆ ವಿರೂಪಾಕ್ಷವನ್ನು ಕಟ್ಟಿದ ಸೂತ್ರಧಾರನ ಹೆಸರು ಗುಂಡ ಅನಿವಾರಿತಾಚಾರಿ ಎಂದು ಅಲ್ಲಿಯ ಶಾಸನವು ಸಾರುತ್ತದೆ. ಅರಸಿಯ ಹೆಸರಿನ ಜೊತೆಗೆ ಕಲ್ಲುಕುಟಿಗನ ಹೆಸರನ್ನೂ ಕಲ್ಲಿನಲ್ಲಿ ಬರೆಯಿಸಿದ ಕಾಲವದು.

ನಮ್ಮ ಸೀಮೆಯ ಸೂಡಿಯು ೧೧ನೆಯ ಶತಮಾನದಲ್ಲಿ ರಾಜಕುಮಾರಿ ಅಕ್ಕಾದೇವಿಯ ಆಳ್ವಿಕೆಯನ್ನು ಕಂಡ ಊರು. ಅಲ್ಲಿಯ ಜೋಡುಕಳಸದ ಗುಡಿಯನ್ನೂ, ನಾಗಕುಂಡವೆಂಬ ಕೊಳವನ್ನೂ ನೋಡದವರು ಒಮ್ಮೆ ನೋಡಬೇಕು. ನೀರಿನ ಒತ್ತನ್ನು ಒಳಗಿನಿಂದಲೂ ಮಣ್ಣಿನ ಒತ್ತನ್ನು ಹಿಂದಿನಿಂದಲೂ ತಾಳಬೇಕಾದ ಕೊಳದ ಗೋಡೆಯು ಗುಡಿಯ ಗೋಡೆಗಿಂತ ಕಠಿಣವಾದ ಪರೀಕ್ಷೆಗೆ ಗುರಿಯಾಗುತ್ತದೆ. ಕಲ್ಯಾಣದ ಚಾಲುಕ್ಯರ ಕಾಲಕ್ಕೆ ಮರಳುಗಲ್ಲಿನ ಬದಲು ಬಳಪದ ಕಲ್ಲಿನ ಬಳಕೆಯು ಹೆಚ್ಚಿತು. ಮೃದುವಾದ ಕಲ್ಲು ದೊರೆತ ಮೇಲೆ ಸಂದುಗಳು ಇನ್ನೂ ಸೂಕ್ಷ್ಮವಾದವು, ಕೆತ್ತನೆಯು ಇನ್ನೂ ನವುರಾಯಿತು. ೧೧೧೨ರ ಇಟಗಿಯ ಮಹಾದೇವ ದೇವಾಲಯವೇ ಇದಕ್ಕೆ ಸಾಕ್ಷಿ. ಮುಂದೆ ವಿಜಯನಗರದವರು ಹಂಪೆಯ ಕೋಟೆಗಳಲ್ಲಿ ಬೇರೊಂದು ಉಪಾಯವನ್ನು ಹೂಡಿದರು. ಮುಂಭಾಗವು ಅಗಲ, ಹಿಂಭಾಗವು ಚೂಪು, ಹೀಗೆ ಬೆಣೆಯಂತಿರುವ ಕಲ್ಲುಗಳನ್ನು ಹೊರಮೈಗೆ ಒತ್ತಾಗಿ ಜೋಡಿಸಿ, ಚೂಪಾದ ತುದಿಗಳು ಒಳಗಿನ ಮಣ್ಣುಕಲ್ಲುಗಳಲ್ಲಿ ಹುದುಗುವಂತೆ ಮಾಡಿದರು. ಹೊರಗಿನಿಂದ ಹೊಡೆದಷ್ಟೂ ಕಲ್ಲು ಒಳಕ್ಕೆ ಬಿಗಿಯುವದೇ ಹೊರತು ಕಳಚುವದಿಲ್ಲ.

ಇಷ್ಟೆಲ್ಲ ಹೇಳಿದ ಮೇಲೆ, ಅಂಟಿಲ್ಲದೆ ಗೋಡೆ ಹೇಗೆ ನಿಲ್ಲುತ್ತದೆ ಎಂದು ವಾಚಕರು ಕೇಳುವದು ಸಹಜ. ಗೋಡೆಯ ಅಂಟು ಅದರ ತೂಕವೇ ಆಗಿದೆ. ಒಂದು ಘನ ಅಡಿ ಕರಿಗಲ್ಲು ಸುಮಾರು ೭೫ ಕಿಲೋ ತೂಗುತ್ತದೆ. ಅಂಥ ಭಾರವು ಕೆಳಗಿನ ಕಲ್ಲಿನ ಒರಟು ಮೈಯನ್ನು ಒತ್ತಿ ಹಿಡಿದಾಗ, ಅದನ್ನು ಪಕ್ಕಕ್ಕೆ ಸರಿಸುವದು ಸುಲಭವಲ್ಲ. ಆದರೆ ಈ ಒತ್ತು ನೆಟ್ಟಗೆ ಕೆಳಕ್ಕೆ ಇಳಿಯುವಂತೆ ಇಡುವದರಲ್ಲಿಯೇ ಕಟ್ಟುವವನ ಜಾಣ್ಮೆಯಿದೆ. ಅದಕ್ಕೆ ಕೆಲವು ನಿಯಮಗಳಿವೆ.

ಮೊದಲನೆಯದು ತಳಹದಿ. ಎರೆಮಣ್ಣು ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರಿಯುತ್ತದೆ, ಮಳೆ ಬಿದ್ದೊಡನೆ ಉಬ್ಬುತ್ತದೆ. ಆದುದರಿಂದ ಅದರ ಮೇಲೆ ಗೋಡೆಯನ್ನೇರಿಸದೆ, ಗರಸು ಸಿಕ್ಕುವವರೆಗೆ ಅಗೆದು ಅಲ್ಲಿಂದ ದೊಡ್ಡ ಕಲ್ಲುಗಳನ್ನು ಕೂಡಿಸುತ್ತ ಬರಬೇಕು. ಎರಡನೆಯದು, ಕಲ್ಲಿನ ಉದ್ದವನ್ನು ಗೋಡೆಯ ಒಳಕ್ಕೆ ಇಡಬೇಕೇ ಹೊರತು ಗೋಡೆಯ ಗುಂಟ ಇಡಬಾರದು. ಉದ್ದ ಮೈಯನ್ನು ಹೊರಗೆ ತೋರಿಸಿದರೆ ಗೋಡೆ ಬೇಗ ಬೆಳೆದಂತೆ ಕಾಣುತ್ತದೆ, ಬೇಗ ಬೀಳುತ್ತದೆ. ಮೂರನೆಯದು, ಎರಡು ಕಲ್ಲಿನ ಸಂದಿನ ಮೇಲೆ ಒಂದು ಕಲ್ಲು ಕೂಡಬೇಕು. ಸಂದಿನ ಮೇಲೆ ಸಂದು ಬಂದರೆ ಗೋಡೆಯು ಮೇಲಿನಿಂದ ಕೆಳಗಿನವರೆಗೆ ಸೀಳುತ್ತದೆ. ನಾಲ್ಕನೆಯದು, ಇಂಥ ಗೋಡೆಗೆ ಎರಡು ಮೈಗಳಿರುವದರಿಂದ ಅಲ್ಲಲ್ಲಿ ಎರಡೂ ಮೈಗಳನ್ನು ಮುಟ್ಟುವ ಉದ್ದಗಲ್ಲುಗಳನ್ನು ಅಡ್ಡವಾಗಿ ಹಾಕಬೇಕು. ಐದನೆಯದು, ನಡುವಿನ ಚೂರುಗಲ್ಲುಗಳನ್ನು ಬುಟ್ಟಿಯಿಂದ ಸುರಿಯಬಾರದು, ಒಂದೊಂದನ್ನೇ ಕೈಯಿಂದ ಬಿಗಿಯಾಗಿ ತುಂಬಬೇಕು. ಆರನೆಯದು, ಗೋಡೆಯು ಮೇಲೇರಿದಂತೆ ಎರಡೂ ಕಡೆಯಿಂದ ಒಳಕ್ಕೆ ವಾಲಬೇಕು. ಆರಡಿ ಏರಿದರೆ ಒಂದಡಿ ಒಳಕ್ಕೆ ಎಂಬುದು ಸಾಧಾರಣ ಪ್ರಮಾಣ. ಕಡೆಗೆ ಮೇಲೆ ಭಾರವಾದ ತಲೆಗಲ್ಲುಗಳನ್ನಿಟ್ಟು ಎಲ್ಲವನ್ನೂ ಅದುಮಿ ಹಿಡಿಯಬೇಕು.

ಮರಳುಗಲ್ಲಾದರೆ ಇನ್ನೊಂದು ಎಚ್ಚರಿಕೆಯುಂಟು. ಅದು ಪದರುಪದರಾಗಿ ಬೆಳೆದ ಕಲ್ಲು. ಬೆಟ್ಟದಲ್ಲಿ ಹೇಗೆ ಮಲಗಿತ್ತೋ ಗೋಡೆಯಲ್ಲಿಯೂ ಹಾಗೆಯೇ ಮಲಗಬೇಕು. ನಿಲ್ಲಿಸಿದರೆ ಮಳೆಗೆ ಪದರು ಕಳಚುತ್ತದೆ. ಶಿಲ್ಪಶಾಸ್ತ್ರದವರು ಕಲ್ಲನ್ನು ಬಡಿದು ಅದರ ನಾದದಿಂದ ಪುಂಶಿಲೆ, ಸ್ತ್ರೀಶಿಲೆ, ನಪುಂಸಕಶಿಲೆ ಎಂದು ವಿಂಗಡಿಸಿ, ವಿಗ್ರಹಕ್ಕೆ ಮೊದಲನೆಯದನ್ನೂ ಪೀಠಕ್ಕೆ ಎರಡನೆಯದನ್ನೂ ವಿಧಿಸಿದರು. ಹೊಲದಲ್ಲಿ ಕೋಡಿ ಕಟ್ಟುವವನು ಆ ಶಾಸ್ತ್ರವನ್ನು ಓದಿರಲಿಕ್ಕಿಲ್ಲ. ಆದರೆ ಅವನೂ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ, ಗಣ್ಣೆಂದರೆ ಇಟ್ಟುಕೊಳ್ಳುತ್ತಾನೆ, ದೊಬ್ಬೆಂದರೆ ಬಿರುಕಿದೆಯೆಂದು ಬಿಡುತ್ತಾನೆ.

ಇನ್ನು ನಾವು ಈ ವಿಷಯಕ್ಕೆ ಕೈ ಹಾಕಿದ ಕಾರಣವನ್ನು ಹೇಳಬೇಕು. ನಮ್ಮ ಹಿರಿಯರಿಂದ ಬಂದ ತುಸು ಎರೆಹೊಲದ ಒಡ್ಡಿನಲ್ಲಿ ಹಳೆಯ ಕಲ್ಲಿನ ಕೋಡಿಯಿತ್ತು. ಅದರ ನಾಲ್ಕಾರು ಕಲ್ಲುಗಳು ಜಾರಿದಾಗ ನಾವು ಬಾಳಿಕೆ ಬರಲೆಂದು ಸಿಮೆಂಟಿನಿಂದ ಸಂದುಗಳನ್ನೆಲ್ಲ ಮುಚ್ಚಿಸಿದೆವು. ಎರಡನೆಯ ಮಳೆಗಾಲದಲ್ಲಿ ಕೋಡಿಯು ಹೊಟ್ಟೆಯುಬ್ಬಿ ಒಂದೇ ರಾತ್ರಿಯಲ್ಲಿ ಕೆಡೆಯಿತು. ಒಡ್ಡು ಹರಿದು, ತಲೆಮಾರುಗಳಿಂದ ಕೂಡಿದ ಫಲವತ್ತಾದ ಮಣ್ಣು ಹಳ್ಳದ ಪಾಲಾಯಿತು. ಆಗ ಎಪ್ಪತ್ತು ದಾಟಿದ ಒಬ್ಬ ಕಲ್ಲುಕೆಲಸದ ವೃದ್ಧನನ್ನು ಕರೆತಂದೆವು.

“ಕಾಕಾ, ಸಿಮೆಂಟು ಹಾಕಿದರೂ ಯಾಕೆ ಬಿದ್ದಿತು?” ಎಂದು ಕೇಳಿದೆವು.

“ಮಾಸ್ತರ್ರ, ನೀವು ನೀರಿನ ಬಾಯಿ ಮುಚ್ಚಿದ್ರಿ. ಬಾಯಿ ಮುಚ್ಚಿಸಿಕೊಂಡ ನೀರು ಹೆಗಲು ಹಚ್ಚಿ ನೂಕತೈತ್ರಿ” ಎಂದು ಆತನು ಉತ್ತರಿಸಿದನು.

ವಿಷಯವು ನಿಜವಾಗಿಯೂ ಇಷ್ಟೇ. ಗಚ್ಚಿಲ್ಲದ ಗೋಡೆಯ ಸಂದುಗಳಿಂದ ನೀರು ಜಿನುಗಿ ಹೋಗುತ್ತದೆ, ಮಣ್ಣು ಹಿಂದೆ ಉಳಿಯುತ್ತದೆ. ಭೂಮಿ ತುಸು ಅಲುಗಾಡಿದರೆ ಕಲ್ಲುಗಳೂ ತುಸು ಅಲುಗಾಡಿ ಮತ್ತೆ ಕೂಡುತ್ತವೆ. ಸಂದು ಮುಚ್ಚಿದ ಗೋಡೆಯ ಹಿಂದೆ ನೀರು ನಿಂತು ಒತ್ತುತ್ತದೆ. ಅದು ಬಾಗಲಾರದು, ಒಡೆಯುತ್ತದೆ. ಸಿಮೆಂಟು ಕೆಟ್ಟ ವಸ್ತುವೆಂದು ನಾವು ಹೇಳುವದಿಲ್ಲ. ೧೮೨೪ರಲ್ಲಿ ಇಂಗ್ಲಂಡದಲ್ಲಿ ಅದರ ಹಕ್ಕುಪತ್ರವಾದಂದಿನಿಂದ ಲೋಕಕ್ಕೆ ಅದರಿಂದ ಆದ ಉಪಕಾರವು ಅಲ್ಪವಲ್ಲ. ನೀರು ಹಾಯ್ದು ಹೋಗಬೇಕಾದಲ್ಲಿ ಹೊರಗಿನ ಸಂದುಗಳನ್ನಷ್ಟೇ ಅದರಿಂದ ಬಳಿದುದು ನಮ್ಮ ತಪ್ಪು.

ಆ ವೃದ್ಧನು ಒಂಬತ್ತು ದಿನ ಕೆಲಸ ಮಾಡಿದನು. ಮೊದಲು ಬಿದ್ದ ಕಲ್ಲುಗಳನ್ನೆಲ್ಲ ಗಾತ್ರದ ಮೇಲಿಂದ ಸಾಲಾಗಿ ಹರಡಿ, ಅವುಗಳ ನಡುವೆ ಬಹಳ ಹೊತ್ತು ಸುಮ್ಮನೆ ತಿರುಗಾಡಿದನು. ಕೂಲಿ ಕೊಡುವವರಾದ ನಮಗೆ ಅದು ಕಾಲಹರಣವೆಂದು ತೋರಿತು. ಅನಂತರ ಕೈಗೆತ್ತಿದ ಕಲ್ಲು ಬಹುತೇಕ ಮೊದಲ ಸಲಕ್ಕೇ ತನ್ನ ತಾವಿನಲ್ಲಿ ಕೂಡುವದನ್ನು ಕಂಡು ಬೆರಗಾದೆವು. ಆತನು ತಿರುಗಾಡುತ್ತಿದ್ದಾಗ ಮನಸ್ಸಿನಲ್ಲಿ ಗೋಡೆಯನ್ನು ಕಟ್ಟುತ್ತಿದ್ದನು.

ನಾವು ಆಯುಷ್ಯವನ್ನೆಲ್ಲ ಮಕ್ಕಳಿಗೆ ಸಂಧಿಯ ಸೂತ್ರಗಳನ್ನು ಕಲಿಸುವದರಲ್ಲಿ ಕಳೆದವರು. ಅಕ್ಷರಗಳ ಅತ್ಯಂತ ಸಾಮೀಪ್ಯಕ್ಕೆ ಪಾಣಿನಿಯು ಸಂಹಿತೆಯೆಂದು ಹೆಸರಿಟ್ಟನು. ಆ ಸಾಮೀಪ್ಯವಿಲ್ಲದೆ ಸಂಧಿಯಿಲ್ಲ. ಮಯಮತದಲ್ಲಿ ಮರದ ಜೋಡಣೆಗೂ ಸಂಧಿಕರ್ಮವೆಂದೇ ಹೆಸರು. ಈ ಮಾತನ್ನು ನಾವು ಪುಸ್ತಕದಲ್ಲಿ ಓದಿದ್ದೆವು, ಕಣ್ಣಿನಿಂದ ಕಂಡಿರಲಿಲ್ಲ. ಇದೇ ವೃದ್ಧನ ಮಗನು ಬಹಳ ಹಿಂದೆ ನಮ್ಮ ವರ್ಗದಲ್ಲಿದ್ದನು. ಅವನು ಶಾಲೆ ಬಿಟ್ಟು ತಂದೆಯೊಡನೆ ಹೊರಟಾಗ, ಕಲ್ಲು ಹೊರುವವರ ಹುಡುಗನಿಗೆ ಕಲ್ಲೇ ಗತಿ ಎಂದು ನಾವು ಎಲ್ಲರೆದುರಿಗೆ ನುಡಿದಿದ್ದೆವು. ಹುಡುಗನು ಓದನ್ನು ಬಿಟ್ಟುದಕ್ಕೆ ಮರುಗಿದುದು ತಪ್ಪಲ್ಲ, ತಂದೆಯ ವಿದ್ಯೆಯನ್ನು ವಿದ್ಯೆಯೇ ಅಲ್ಲವೆಂದು ಹಳಿದುದು ತಪ್ಪು. ಆ ಮಗನು ಕಲ್ಲುಕೆಲಸವನ್ನೂ ಬಿಟ್ಟು ಗೋವೆಗೆ ದುಡಿಯಹೋದನೆಂದು ವೃದ್ಧನಿಂದ ತಿಳಿಯಿತು. ನಮ್ಮ ಮಾತನ್ನು ಆತನು ನೆನಪಿಟ್ಟಿದ್ದನೋ ಇಲ್ಲವೋ, ಅದನ್ನು ಎತ್ತಲಿಲ್ಲ. ನಾವೇ ಎತ್ತಿ ಕ್ಷಮೆ ಬೇಡಿದೆವು. “ಇರಲಿ ಬಿಡ್ರಿ, ಆ ಕಲ್ಲ ಇತ್ತ ಕೊಡ್ರಿ” ಎಂದನು. ಅಂದು ಸಂಜೆಯವರೆಗೆ ನಾವು ಆತನಿಗೆ ಕಲ್ಲು ಎತ್ತಿ ಕೊಟ್ಟೆವು.

ಈ ವಿದ್ಯೆಯ ಭಾರವನ್ನು ನಮ್ಮ ನಾಡಿನಲ್ಲಿ ಬಹುಮಟ್ಟಿಗೆ ಹೊತ್ತವರು ಒಡ್ಡರೆಂದೂ ಭೋವಿಗಳೆಂದೂ ಕರೆಯಲ್ಪಡುವ ಶ್ರಮಜೀವಿಗಳು. ೧೨ನೆಯ ಶತಮಾನದಲ್ಲಿ ಸೊನ್ನಲಿಗೆಯಲ್ಲಿ ಕೆರೆಯನ್ನು ಕಟ್ಟಿಸಿದ ಸಿದ್ಧರಾಮೇಶ್ವರರನ್ನು ಅವರು ಗುರುವೆಂದು ಭಾವಿಸುವದು ಅತ್ಯಂತ ಉಚಿತವಾಗಿದೆ. ರೋಣವು ಮುಂಬಯಿ ಪ್ರಾಂತದಲ್ಲಿದ್ದಾಗ ೧೯೪೨ರ ಭೂಸುಧಾರಣೆಯ ಕಾಯದೆಯಾಗಿ, ಒಡ್ಡು ಹಾಕಿ ಮಣ್ಣನ್ನು ಕಾಯುವ ಕೆಲಸಕ್ಕೆ ಸರಕಾರದ ಆಸರೆ ದೊರೆಯಿತು. ಆದರೆ ಒಡ್ಡು ಬಾಳುವದು ಕೋಡಿಯಿಂದ, ಕೋಡಿ ಬಾಳುವದು ಕಟ್ಟಿದವನ ಕೈಯಿಂದ.

ಪರದೇಶಗಳಲ್ಲಿ ಈ ಅರಿವು ಮೂಡಿದೆ. ೨೦೧೮ರಲ್ಲಿ ಗ್ರೀಸ್, ಇಟಲಿ, ಸ್ಪೇನ್, ಫ್ರಾನ್ಸ್, ಸ್ವಿಟ್ಜರ್ಲಂಡ್ ಮೊದಲಾದ ೮ ದೇಶಗಳ ಒಣಗಲ್ಲು ಕಟ್ಟಡದ ವಿದ್ಯೆಯನ್ನು ಯುನೆಸ್ಕೋ ಸಂಸ್ಥೆಯು ಮಾನವಕುಲದ ಪರಂಪರೆಯ ಪಟ್ಟಿಯಲ್ಲಿ ಸೇರಿಸಿತು. ೨೦೨೪ರಲ್ಲಿ ಐರ್ಲಂಡ್, ಬೆಲ್ಜಿಯಂ ಮುಂತಾದ ಇನ್ನೂ ೫ ದೇಶಗಳು ಕೂಡಿದವು. ಆಫ್ರಿಕೆಯ ಮಹಾ ಜಿಂಬಾಬ್ವೆಯ ಗಚ್ಚಿಲ್ಲದ ಕೋಟೆಗೋಡೆಗಳು ಕೆಲವೆಡೆ ೧೧ ಮೀಟರ್ ಎತ್ತರ ನಿಂತಿವೆ. ಅಲ್ಲಿ ಗೌರವಕ್ಕೆ ಪಾತ್ರವಾದ ಕಲೆಯು ನಮ್ಮ ಹೊಲಗಳಲ್ಲಿ ಬರಿಯ ಕೂಲಿಯೆನಿಸುವದು ಯೋಗ್ಯವಲ್ಲ.

ಗೃಹಸ್ಥರು ಮಾಡಬಹುದಾದ ಕೆಲಸವು ದೊಡ್ಡದೇನಲ್ಲ. ಹಳೆಯ ಗುಡಿಬಾವಿಗಳ ಸಂದುಗಳಿಗೆ ಸಿಮೆಂಟು ಬಳಿಯುವದನ್ನು ತಡೆಯಬೇಕು. ಹಾಳುಬಿದ್ದ ಗೋಡೆಯ ಕಲ್ಲುಗಳನ್ನು ಹೊಸ್ತಿಲಿಗೋ ಬಚ್ಚಲಿಗೋ ಒಯ್ಯಬಾರದು. ಬಿಚ್ಚಿ ಕಟ್ಟುವ ಪ್ರಸಂಗ ಬಂದರೆ ಪ್ರತಿಯೊಂದು ಕಲ್ಲಿಗೂ ಅಂಕಿ ಬರೆದು ಬಿಚ್ಚಬೇಕು. ಬಲ್ಲ ಮುದುಕರು ಊರಲ್ಲಿದ್ದರೆ ಅವರಿಂದ ಒಂದು ಮೊಳ ಗೋಡೆಯನ್ನಾದರೂ ಕಟ್ಟಿಸಿ, ಯೋಗ್ಯವಾದ ಕೂಲಿಯನ್ನು ಕೊಟ್ಟು, ಮನೆಯ ಮಕ್ಕಳನ್ನು ಪಕ್ಕದಲ್ಲಿ ನಿಲ್ಲಿಸಬೇಕು. ಅವರು ಶಾಲೆಯಲ್ಲಿಯೂ ಓದಲಿ, ಇದನ್ನೂ ನೋಡಲಿ.

ನಮ್ಮ ಹೊಲದ ಕೋಡಿಯು ಆಮೇಲೆ ಮೂರು ಮಳೆಗಾಲಗಳನ್ನು ಕಂಡಿದೆ. ದೊಡ್ಡ ಮಳೆಯ ಮರುದಿನ ಹೋಗಿ ನೋಡಿದರೆ ಸಂದುಸಂದಿನಿಂದ ತಿಳಿನೀರು ಸೋರುತ್ತಿರುತ್ತದೆ, ಹಿಂದುಗಡೆ ಬೆರಳುದಪ್ಪ ಹೊಸಮಣ್ಣು ಕೂತಿರುತ್ತದೆ. ಕಳೆದ ಶ್ರಾವಣದಲ್ಲಿ ಒಂದು ತಲೆಗಲ್ಲು ತುಸು ಸರಿದಿತ್ತು. ಆ ಕಾಕಾ ಈಗ ಕೋಲೂರಿ ನಡೆಯುತ್ತಾನೆ. ಒಡ್ಡಿನ ಮೇಲೆ ಕುಳಿತು ಆತನು ಹೇಳಿದಂತೆ ನಾವೂ ನಮ್ಮ ಮೊಮ್ಮಗನೂ ಕೂಡಿ ಅದನ್ನು ಸರಿಪಡಿಸಿದೆವು. ಮೂರು ಸಲ ತೆಗೆಯಿಸಿ ನಾಲ್ಕನೆಯ ಸಲಕ್ಕೆ ಆತನು ಒಪ್ಪಿದನು.