ಮುಂಗೋ: ಬತ್ತಿದ ಸರೋವರದ ದಡದಲ್ಲಿ ಟೆಂಟು

ಆಸ್ಟ್ರೇಲಿಯಾದಲ್ಲಿ ನೆಲೆಸಿರುವ ಕನ್ನಡದ ಮನೆಗಳಲ್ಲಿ ‘ಔಟ್‌ಬ್ಯಾಕ್ ನೋಡಿದಿರಾ?’ ಎಂದು ಕೇಳಿದರೆ ಮೊದಲು ಬರುವ ಹೆಸರು ಉಲುರು. ವಿಮಾನದಲ್ಲಿ ಹೋಗಿ, ಕೆಂಪು ಬಂಡೆಯ ಮುಂದೆ ಫೋಟೊ ತೆಗೆಸಿಕೊಂಡು, ರಜೆ ಮುಗಿಯುವ ಮೊದಲೇ ಮನೆ ಸೇರುವ ಪ್ರವಾಸ ಅದು. ಸಿಡ್ನಿಯಿಂದ ಅಲ್ಲಿಗೆ ಕಾರಿನಲ್ಲೇ ಹೋಗುತ್ತೇನೆಂದರೆ ಸುಮಾರು 2,800 ಕಿ.ಮೀ. ಶಾಲೆಗೆ ಹೋಗುವ ಮಕ್ಕಳು, ಊರಿಂದ ಬಂದಿರುವ ಅಜ್ಜ-ಅಜ್ಜಿಯರನ್ನು ಕಟ್ಟಿಕೊಂಡು ಅದು ಆಗದ ಮಾತು. ಆದರೆ ಸಿಡ್ನಿ ಮತ್ತು ಮೆಲ್ಬರ್ನ್‌ನ ಎರಡು ಸಂಸಾರಗಳು ತಂತಮ್ಮ ಕಾರಿನಲ್ಲಿ ಹೊರಟು ಒಂದೇ ಕಡೆ ಸೇರಿ ಟೆಂಟು ಹಾಕಬಹುದಾದ ಔಟ್‌ಬ್ಯಾಕ್ ಒಂದಿದೆ. ನ್ಯೂ ಸೌತ್ ವೇಲ್ಸ್ ರಾಜ್ಯದ ನೈರುತ್ಯ ಮೂಲೆಯಲ್ಲಿರುವ ಮುಂಗೋ ರಾಷ್ಟ್ರೀಯ ಉದ್ಯಾನವೇ ಅದು. ನನ್ನನ್ನು ಕೇಳಿದರೆ, ಔಟ್‌ಬ್ಯಾಕ್‌ನ ಮೊದಲ ಪಾಠ ಉಲುರುವಿಗಿಂತ ಇಲ್ಲೇ ಆಗಬೇಕು.

ಎರಡು ರಾಜ್ಯಗಳಿಗೂ ಒಟ್ಟಿಗೇ ರಜೆ ಸಿಗುವುದು ಜೂನ್ ತಿಂಗಳ ಎರಡನೇ ಸೋಮವಾರ, ದೊರೆಯ ಹುಟ್ಟುಹಬ್ಬದ ಲಾಂಗ್ ವೀಕೆಂಡಿನಲ್ಲಿ. ಆ ಮೂರು ದಿನ ಮೆಲ್ಬರ್ನ್‌ನವರಿಗೆ ಹೇಗೋ ಸಾಲುತ್ತದೆ, ಸಿಡ್ನಿಯವರು ಆಚೆ ಈಚೆ ಎರಡು ದಿನ ರಜೆ ಹಾಕಲೇಬೇಕು.

ಮೆಲ್ಬರ್ನ್‌ನಿಂದ ಕಾಲ್ಡರ್ ಹೆದ್ದಾರಿ ಹಿಡಿದರೆ ಬೆಂಡಿಗೋ ದಾಟಿ ಮಿಲ್ಡುರಾವರೆಗೆ 540 ಕಿ.ಮೀ. ನಡುವೆ ವೈಚೆಪ್ರೂಫ್ ಎಂಬ ಪುಟ್ಟ ಊರು ಸಿಗುತ್ತದೆ. ಅಲ್ಲಿನ 43 ಮೀಟರಿನ ದಿಬ್ಬ ಜಗತ್ತಿನ ಅತಿ ಚಿಕ್ಕ ನೋಂದಾಯಿತ ಬೆಟ್ಟವೆಂದು ಊರವರಿಗೆ ಹೆಮ್ಮೆ. ನಂದಿ ಬೆಟ್ಟ ಹತ್ತಿದವರು ನಗಬಹುದು, ಆದರೆ ಕಾಲು ಚಾಚಲು ಅದಕ್ಕಿಂತ ಒಳ್ಳೆಯ ನೆಪ ಆ ದಾರಿಯಲ್ಲಿ ಇನ್ನೊಂದಿಲ್ಲ. ಮಿಲ್ಡುರಾ ಮರ್ರೆ ನದಿಯ ದಡದ ಊರು. ಕ್ಯಾಲಿಫೋರ್ನಿಯಾದಿಂದ ಬಂದ ಚಾಫಿ ಸಹೋದರರು 1887ರಲ್ಲಿ ಇಲ್ಲಿ ನೀರಾವರಿ ಆರಂಭಿಸಿದ ಮೇಲೆ ಮರಳುನೆಲದಲ್ಲಿ ದ್ರಾಕ್ಷಿ, ಕಿತ್ತಳೆ ತೋಟ ಎದ್ದವು. ಪೆಟ್ರೋಲು, ನೀರು, ದಿನಸಿ ಎಲ್ಲ ಇಲ್ಲೇ ತುಂಬಿಸಿಕೊಳ್ಳಬೇಕು. ಮುಂದಿನ 110 ಕಿ.ಮೀ.ಯಲ್ಲಿ ಅಂಗಡಿ ಇಲ್ಲ, ಉದ್ಯಾನದೊಳಗೆ ಪೆಟ್ರೋಲ್ ಬಂಕ್ ಇಲ್ಲ.

ಸಿಡ್ನಿಯ ದಾರಿ ಬೇರೆಯೇ ತರಹದ್ದು. ಹ್ಯೂಮ್ ಹೆದ್ದಾರಿಯಲ್ಲಿ ಗುಂಡಗೈ ದಾಟಿ ಸ್ಟರ್ಟ್ ಹೆದ್ದಾರಿಗೆ ತಿರುಗಿ, ವಾಗಾ ವಾಗಾ, ನರಂಡೆರಾ, ಹೇ, ಬಾಲ್‌ರಾನಾಲ್ಡ್. ಅಲ್ಲಿಗೆ ಸುಮಾರು 850 ಕಿ.ಮೀ., ಅಲ್ಲಿಂದ ಉತ್ತರಕ್ಕೆ ಇನ್ನೂ 150. ಒಂದೇ ದಿನದಲ್ಲಿ ಮುಗಿಸಿದೆವೆಂದು ಎದೆ ತಟ್ಟಿಕೊಳ್ಳುವವರಿದ್ದಾರೆ, ಅವರ ಮಾತು ಕೇಳಬೇಡಿ. ಸಂಜೆಯಾದ ಮೇಲೆ ಕಾಂಗರೂಗಳು ಹೆದ್ದಾರಿಗೆ ಇಳಿಯುತ್ತವೆ. ನೂರು ಕಿ.ಮೀ. ವೇಗದಲ್ಲಿ ದೊಡ್ಡ ಕೆಂಪು ಕಾಂಗರೂ ಎದುರಾದರೆ ಕಾರು ಉಳಿಯುವುದಿಲ್ಲ. ವಾಗಾದಲ್ಲೋ ಹೇಯಲ್ಲೋ ರಾತ್ರಿ ತಂಗುವುದೇ ಸರಿ. ಹೇ ಸುತ್ತಲಿನ ಬಯಲಂತೂ ನೋಡಿಯೇ ನಂಬಬೇಕಾದಷ್ಟು ಚಪ್ಪಟೆ. ‘ಇನ್ನೂ ಎಷ್ಟು ದೂರ?’ ಎಂಬ ಹಿಂದಿನ ಸೀಟಿನ ಪ್ರಶ್ನೆಗೆ ಕಿಟಕಿಯಾಚೆ ಉತ್ತರ ಸಿಗುವುದೇ ಇಲ್ಲ.

ಈ ದಾರಿಗೆ ಇನ್ನೊಂದು ನೆನಪಿದೆ. 2017ರ ನವೆಂಬರ್‌ನಲ್ಲಿ ಕ್ಯಾನ್ಬೆರಾದಿಂದ ಹೊರಟ ಹಳೆಯ ಶವವಾಹನವೊಂದು ವಾಗಾ, ಹೇ, ಬಾಲ್‌ರಾನಾಲ್ಡ್‌ಗಳಲ್ಲಿ ನಿಂತು ನಿಂತು ಮುಂಗೋ ಸೇರಿತು. ಒಳಗೆ ಎಂಟು ಸಾವಿರ ವರ್ಷ ಹಳೆಯ ರೆಡ್ ಗಮ್ ಮರದಿಂದ ಮಾಡಿದ ಪೆಟ್ಟಿಗೆ. ಅದರಲ್ಲಿ ಸುಮಾರು 42,000 ವರ್ಷಗಳ ಹಿಂದೆ ಬದುಕಿದ್ದ ಮನುಷ್ಯನೊಬ್ಬನ ಅಸ್ಥಿ. 43 ವರ್ಷ ಊರಿನಿಂದ ದೂರವಿದ್ದ ಹಿರಿಯನನ್ನು ಅವನ ಮಂದಿ ಮನೆಗೆ ಕರೆದೊಯ್ಯುತ್ತಿದ್ದರು.

ಕಥೆ ಶುರುವಾಗುವುದು 1968ರಲ್ಲಿ. ಜಿಮ್ ಬೌಲರ್ ಎಂಬ ಭೂವಿಜ್ಞಾನಿ ಹಳೆಯ ಹವಾಮಾನದ ಕುರುಹು ಹುಡುಕುತ್ತ ಇಲ್ಲಿನ ಬತ್ತಿದ ಸರೋವರಗಳ ದಡದಲ್ಲಿ ಅಲೆಯುತ್ತಿದ್ದಾಗ, ಮರಳು ಸವೆದ ಕಡೆ ಸುಟ್ಟ ಮೂಳೆಗಳು ಕಂಡವು. ಮರುವರ್ಷ ಪುರಾತತ್ವಜ್ಞರೊಂದಿಗೆ ಬಂದು ನೋಡಿದಾಗ ಅವು ಮನುಷ್ಯರವೆಂದು ತಿಳಿಯಿತು. ಆ ಪುರಾತತ್ವಜ್ಞರಲ್ಲೊಬ್ಬರಾದ ಜಾನ್ ಮುಲ್ವಾನಿ ಅವರ ಸೂಟ್‌ಕೇಸಿನಲ್ಲೇ ಆ ಮೂಳೆಗಳು ಕ್ಯಾನ್ಬೆರಾಕ್ಕೆ ಪ್ರಯಾಣ ಮಾಡಿದವು. ಅವು ಒಬ್ಬ ತರುಣಿಯವು. ಶವವನ್ನು ಸುಟ್ಟು, ಮೂಳೆಗಳನ್ನು ಪುಡಿಗೈದು, ಮತ್ತೆ ಸುಟ್ಟು ಮಣ್ಣು ಮಾಡಿದ್ದರು. ವಿಧಿಪೂರ್ವಕವಾದ ದಹನಕ್ಕೆ ಜಗತ್ತಿನಲ್ಲಿ ಸಿಕ್ಕಿರುವ ಅತ್ಯಂತ ಹಳೆಯ ಸಾಕ್ಷಿಗಳಲ್ಲಿ ಇದು ಒಂದು. 1974ರ ಫೆಬ್ರುವರಿಯಲ್ಲಿ, ಮಳೆ ಬಂದು ನಿಂತ ಮೇಲೆ, ಅದೇ ಬೌಲರ್ ಕಣ್ಣಿಗೆ ಇನ್ನೊಂದು ಅಸ್ಥಿಪಂಜರ ಬಿತ್ತು: ಕೈಗಳನ್ನು ಜೋಡಿಸಿ ಮಲಗಿಸಿದ, ಮೈಮೇಲೆ ಕೆಂಪು ಕಾವಿಮಣ್ಣು ಚೆಲ್ಲಿದ್ದ ಗಂಡಸು. ಕಾವಿಮಣ್ಣು ಈ ಸುತ್ತಿನಲ್ಲಿ ಸಿಗುವುದಿಲ್ಲ, ಬಹುದೂರದಿಂದ ತಂದದ್ದು. ಚಿತ್ರದುರ್ಗದ ಬ್ರಹ್ಮಗಿರಿಯಲ್ಲಿ ಅಶೋಕ ಶಾಸನ ಕೆತ್ತಿಸಿದ್ದು ಸುಮಾರು 2,300 ವರ್ಷದ ಹಿಂದೆ ಎಂದು ಬೆರಗಾಗುವ ನಮಗೆ, ಅದಕ್ಕೂ ಹದಿನೆಂಟು ಪಟ್ಟು ಹಿಂದಿನ ಕಾಲದಲ್ಲಿ ಸತ್ತವರನ್ನು ಇಷ್ಟು ಜತನದಿಂದ ಕಳಿಸಿಕೊಟ್ಟ ಜನ ಇಲ್ಲಿದ್ದರು ಎಂಬುದನ್ನು ಅರಗಿಸಿಕೊಳ್ಳಲು ಸ್ವಲ್ಪ ಹೊತ್ತು ಬೇಕು.

ಅವರ ವಂಶದವರು ಬಾರ್ಕಂಜಿ, ಮುತ್ತಿ ಮುತ್ತಿ ಮತ್ತು ಙಿಯಂಪಾ ಸಮುದಾಯಗಳು. ಕೇಳದೆ ಒಯ್ದ ಹಿರಿಯರನ್ನು ವಾಪಸು ಕೊಡಿ ಎಂದು ಅವರು ವರ್ಷಗಟ್ಟಲೆ ಒತ್ತಾಯಿಸಿದರು. ಮಹಿಳೆಯ ಅಸ್ಥಿ 1992ರಲ್ಲಿ ಮರಳಿತು, ಗಂಡಸಿನದು 2017ರಲ್ಲಿ. 2022ರಲ್ಲಿ ಇಬ್ಬರನ್ನೂ ಗುರುತು ಹಾಕದ ಜಾಗದಲ್ಲಿ ಮಣ್ಣು ಮಾಡಲಾಯಿತು. ಆ ನಿರ್ಧಾರಕ್ಕೆ ಸಮುದಾಯದೊಳಗೇ ಎಲ್ಲರ ಒಪ್ಪಿಗೆ ಇರಲಿಲ್ಲ. ಹಾಗಾಗಿ ಸಮಾಧಿ ಎಲ್ಲಿದೆ ಎಂದು ಅಲ್ಲಿ ಯಾರನ್ನೂ ಕೇಳಬೇಡಿ.

ಸರೋವರ ಎಂದು ನಕ್ಷೆಯಲ್ಲಿ ಬರೆದಿದೆಯಲ್ಲ, ನೀರೆಲ್ಲಿ? ಹದಿನೈದು ಸಾವಿರ ವರ್ಷಗಳಿಗೂ ಮಿಕ್ಕು ಮುಂಗೋದಲ್ಲಿ ನೀರು ನಿಂತಿಲ್ಲ. ಹಿಮಯುಗದಲ್ಲಿ ವಿಲಾಂಡ್ರ ತೊರೆ ಸಾಲು ಸರೋವರಗಳನ್ನು ಒಂದೊಂದಾಗಿ ತುಂಬಿಸುತ್ತಿತ್ತು. ಪಡುವಣ ಗಾಳಿ ದಡದ ಮರಳನ್ನೂ, ನೀರು ಇಳಿದಾಗ ತಳದ ಜೇಡಿಯನ್ನೂ ಹೊತ್ತು ಪೂರ್ವದ ಅಂಚಿಗೆ ಒಟ್ಟುತ್ತ ಹೋಯಿತು. ಹಾಗೆ ಎದ್ದ ಬಾಗಿದ ದಿಬ್ಬವೇ ‘ವಾಲ್ಸ್ ಆಫ್ ಚೈನಾ’. ಹತ್ತೊಂಬತ್ತನೇ ಶತಮಾನದಲ್ಲಿ ಕುರಿಗಳೂ ಮೊಲಗಳೂ ಹುಲ್ಲನ್ನು ಬೋಳಿಸಿದ ಮೇಲೆ ಗಾಳಿ-ಮಳೆ ಆ ದಿಬ್ಬವನ್ನು ಪದರ ಪದರವಾಗಿ ಕೊರೆದವು. ಕೆಂಪು, ಬಿಳಿ, ಬೂದು ಪದರಗಳ ಆ ಕೊರಕಲುಗಳೇ ಈಗಿನ ಚೆಲುವು. ಕುರಿ ಸಾಕಿದವರು ಮಾಡಿದ ಹಾಳಿನಿಂದಲೇ ಮೂಳೆಗಳೂ ಬಯಲಿಗೆ ಬಂದವು ಎಂಬುದು ಇಲ್ಲಿನ ವಿಪರ್ಯಾಸ. ಆ ಕುರಿ ಕಾಲದ ನೆನಪಿಗೆ 1869ರ ಉಣ್ಣೆ ಕತ್ತರಿಸುವ ಕೊಟ್ಟಿಗೆ ಇನ್ನೂ ನಿಂತಿದೆ, ಸೈಪ್ರಸ್ ಪೈನ್ ಮರದ್ದು. ಅದನ್ನು ಕಟ್ಟಿದ ಚೀನಿ ಕೂಲಿಗಳಿಂದಲೇ ದಿಬ್ಬಕ್ಕೆ ಆ ಹೆಸರು ಬಂತು ಎನ್ನುತ್ತಾರೆ. 1979ರಲ್ಲಿ ಉದ್ಯಾನವಾಯಿತು, 1981ರಲ್ಲಿ ವಿಲಾಂಡ್ರ ಸರೋವರ ಪ್ರದೇಶ ವಿಶ್ವ ಪರಂಪರೆಯ ಪಟ್ಟಿ ಸೇರಿತು.

ಮಕ್ಕಳಿಗೆ ಇದೆಲ್ಲ ಭಾರವಾದೀತು ಎಂಬ ಅಂಜಿಕೆ ಬೇಡ. ಅವರನ್ನು ಮೊದಲು ಹೆಜ್ಜೆಗುರುತುಗಳ ಹತ್ತಿರ ಕರೆದೊಯ್ಯಿರಿ. 2003ರಲ್ಲಿ ಮುತ್ತಿ ಮುತ್ತಿ ಸಮುದಾಯದ ಮೇರಿ ಪಾಪಿನ್ ಎಂಬ ಯುವತಿ ಇಲ್ಲಿ ಸುಮಾರು ಇಪ್ಪತ್ತು ಸಾವಿರ ವರ್ಷ ಹಳೆಯ ಪಾದದ ಅಚ್ಚು ಕಂಡಳು. ಹಿಂದೆಯೇ ನೂರಾರು ಸಿಕ್ಕವು: ಗಂಡಸರು, ಹೆಂಗಸರು, ಮಕ್ಕಳು, ಜೊತೆಗೆ ಬಲಗಾಲು ಮಾತ್ರ ಊರಿ ಕುಪ್ಪಳಿಸಿಕೊಂಡು ಹೋದ ಒಂಟಿಗಾಲಿನವನೊಬ್ಬ. ಅದನ್ನು ಓದಿ ಹೇಳಿದವರು ಮಧ್ಯ ಆಸ್ಟ್ರೇಲಿಯಾದಿಂದ ಬಂದ ಪಿಂಟುಪಿ ಜಾಡುಗಾರರು. ಮೂಲ ಹೆಜ್ಜೆಗಳನ್ನು ಕಾಪಾಡಲು ಮತ್ತೆ ಮರಳು ಮುಚ್ಚಿದ್ದಾರೆ, ಸಂದರ್ಶಕರ ಕೇಂದ್ರದ ಬಳಿ ತದ್ರೂಪು ಇದೆ. ಮಗು ತನ್ನ ಪಾದವನ್ನು ಪಕ್ಕದಲ್ಲಿಟ್ಟು ಅಳೆದು ನೋಡಿದರೆ ಪಾಠ ಮುಗಿದಂತೆ.

ಇನ್ನು ಬಿಡಾರ. ಸಂದರ್ಶಕರ ಕೇಂದ್ರಕ್ಕೆ ಹತ್ತಿರದ ಮೇನ್ ಕ್ಯಾಂಪ್ ಸಂಸಾರಸ್ಥರಿಗೆ ಅನುಕೂಲ. ಸುಮಾರು 70 ಕಿ.ಮೀ.ಯ ಸುತ್ತುದಾರಿಯ ನಡುವಿನ ಬೇಲಾ ಕ್ಯಾಂಪ್ ಇನ್ನಷ್ಟು ಏಕಾಂತ. ಎರಡಕ್ಕೂ ಮೊದಲೇ ಬುಕ್ ಮಾಡಬೇಕು. ಜೂನ್ ರಾತ್ರಿಗಳಲ್ಲಿ ಚಳಿ ಸೊನ್ನೆಯ ಆಸುಪಾಸಿಗೆ ಇಳಿಯುತ್ತದೆ. ಮಂಡಿನೋವಿನ ಅಜ್ಜಿಯನ್ನು ನೆಲದ ಮೇಲೆ ಮಲಗಿಸುವ ಸಾಹಸ ಬೇಡ. ಉಣ್ಣೆ ಕತ್ತರಿಸುವವರು ತಂಗುತ್ತಿದ್ದ ಹಳೆಯ ಕೊಠಡಿಗಳು ಬಾಡಿಗೆಗೆ ಸಿಗುತ್ತವೆ. ಸೌದೆ ಆಯುವುದು ಅಪರಾಧ, ಆದ್ದರಿಂದ ಗ್ಯಾಸ್ ಒಲೆ ಒಯ್ಯಿರಿ. ನಮ್ಮವರು ಅಡುಗೆಮನೆಯನ್ನೇ ಡಿಕ್ಕಿಗೆ ತುಂಬುತ್ತಾರೆಂಬುದು ಗೊತ್ತಿದ್ದದ್ದೇ. ಪುಳಿಯೋಗರೆ ಗೊಜ್ಜು, ಚಟ್ನಿಪುಡಿ, ಅವಲಕ್ಕಿ ಇದ್ದರೆ ಎರಡು ದಿನ ದಾಟಬಹುದು. ಎಸ್ಕಿ ಪೆಟ್ಟಿಗೆಯಲ್ಲಿ ಮೊಸರು ಕೆಡುವುದಿಲ್ಲ. ಕುಕ್ಕರ್ ಮಾತ್ರ ಮನೆಯಲ್ಲೇ ಇರಲಿ. ಆ ನಿಶ್ಶಬ್ದದಲ್ಲಿ ಮೂರು ಸೀಟಿ ಕೂಗಿಸಿದರೆ ಪಕ್ಕದ ಟೆಂಟಿನವರು ಬೆಂಕಿ ಬಿತ್ತೆಂದು ಎದ್ದು ಬಂದಾರು.

ಊಟವಾದ ಮೇಲೆ ದೀಪ ಆರಿಸಿ ಮೇಲೆ ನೋಡಿ. ಬೆಂಗಳೂರಿನಲ್ಲಿ ಬೇಸಿಗೆಯ ರಾತ್ರಿ ದಕ್ಷಿಣದ ಅಂಚಿನಲ್ಲಷ್ಟೇ ಇಣುಕುವ ತ್ರಿಶಂಕು ಇಲ್ಲಿ ಜೂನ್ ಸಂಜೆ ನೆತ್ತಿಯ ಹತ್ತಿರಕ್ಕೆ ಏರಿರುತ್ತದೆ. ಅದರ ಪಕ್ಕದ ಕಪ್ಪು ಕಲೆಯೇ ತಲೆ, ಕ್ಷೀರಪಥದ ಉದ್ದಕ್ಕೂ ಚಾಚಿದ ಕತ್ತಲೆಯೇ ಕತ್ತು ಮತ್ತು ಮೈ: ಹೀಗೆ ಹಲವು ಮೂಲನಿವಾಸಿ ಸಮುದಾಯಗಳು ಆಕಾಶದಲ್ಲಿ ಎಮು ಹಕ್ಕಿಯನ್ನು ಕಾಣುತ್ತವೆ. ನಕ್ಷತ್ರಗಳನ್ನಲ್ಲ, ನಕ್ಷತ್ರಗಳ ನಡುವಿನ ಕತ್ತಲೆಯನ್ನು ಓದುವ ಈ ಬಗೆ ಮಕ್ಕಳಿಗೆ ದೊಡ್ಡವರಿಗಿಂತ ಬೇಗ ಹಿಡಿಸುತ್ತದೆ. ಅಮಾವಾಸ್ಯೆ ಹತ್ತಿರವಿದ್ದರೆ ಇನ್ನೂ ಒಳ್ಳೆಯದು.

ಕಷ್ಟ ಬರುವುದು ಮಳೆಯಿಂದ. ದಾರಿಯ ಕೊನೆಯ ಭಾಗ ಡಾಂಬರು ಕಾಣದ ಮಣ್ಣು ರಸ್ತೆ. ಒಣಗಿದ್ದಾಗ ಸಾಧಾರಣ ಕಾರೂ ನಿಧಾನಕ್ಕೆ ಹೋದೀತು, ಹತ್ತು ಮಿ.ಮೀ. ಮಳೆ ಬಿದ್ದರೆ ದೊಡ್ಡ ಗಾಡಿಯೂ ಜಾರುತ್ತದೆ. ಆಗ ರಸ್ತೆ ಮುಚ್ಚುತ್ತಾರೆ. ಮುಚ್ಚಿದ ರಸ್ತೆಗೆ ಇಳಿದವರಿಗೆ ದಂಡ ಉಂಟು. ಬಾಡಿಗೆ ಕಾರಾದರೆ ಮಣ್ಣು ರಸ್ತೆಗೆ ವಿಮೆ ಇದೆಯೇ ಎಂದು ಕರಾರು ಓದಿಕೊಳ್ಳಿ, ಅನೇಕ ಕರಾರುಗಳಲ್ಲಿ ಇರುವುದಿಲ್ಲ. ಮೊಬೈಲ್ ಸಿಗ್ನಲ್ ನಂಬಬೇಡಿ: ನಕ್ಷೆ ಮೊದಲೇ ಇಳಿಸಿಕೊಳ್ಳಿ, ಹೊರಡುವ ದಿನ-ಮರಳುವ ದಿನ ಯಾರಿಗಾದರೂ ಹೇಳಿರಿ. ಕಾರು ಕೆಟ್ಟರೆ ಅದನ್ನು ಬಿಟ್ಟು ನಡೆಯಬೇಡಿ. ಡಿಸೆಂಬರ್-ಜನವರಿಯ ಶಾಲಾ ರಜೆಯಲ್ಲಿ ಇತ್ತ ತಲೆ ಹಾಕಲೇಬೇಡಿ, ಬಿಸಿಲು ನಲವತ್ತು ದಾಟುತ್ತದೆ.

ಇನ್ನೊಂದು ಕೋರಿಕೆ. ವಾಲ್ಸ್ ಆಫ್ ಚೈನಾದ ಮುಂದೆ ಹಲಗೆಯ ಕಾಲುದಾರಿ ಮುಗಿಯುವಲ್ಲಿಂದಾಚೆ ಮೂಲನಿವಾಸಿ ಮಾರ್ಗದರ್ಶಕರಿಲ್ಲದೆ ಯಾರೂ ಹೋಗುವಂತಿಲ್ಲ. ಮರಳು ಕಂಡ ಕೂಡಲೇ ಮಕ್ಕಳ ಕಾಲು ಓಡುತ್ತದೆ, ರೀಲ್ಸ್ ಮಾಡುವ ದೊಡ್ಡವರದ್ದು ಇನ್ನೂ ಬೇಗ. ತಡೆಯಿರಿ. ಅದು ಮರಳಿನ ಆಟದ ಬಯಲಲ್ಲ, ಒಂದು ಜನಾಂಗದ ಮಸಣ. ಮಾರ್ಗದರ್ಶಿ ನಡಿಗೆಯ ಟಿಕೆಟ್ಟನ್ನು ಟೆಂಟಿನ ಜಾಗ ಕಾಯ್ದಿರಿಸುವಾಗಲೇ ಕಾಯ್ದಿರಿಸಿ; ರಜೆಯ ದಿನಗಳಲ್ಲಿ ಬೇಗ ಭರ್ತಿಯಾಗುತ್ತದೆ.